ಹಿಚ್ 75 ಕೆಜಿ ತಡೆಯುತ್ತದೆ ಅಂದರೆ ಸೈಕಲ್ 75 ಕೆಜಿ ಅಂತಲ್ಲ

ಪ್ರಶ್ನೆ: ಸರ್, ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಸ್ಕಾರ್ಪಿಯೊ-ಎನ್ ಇದೆ. ಹೊರಗಡೆ ಅಂಗಡಿಯಲ್ಲಿ ಹಿಚ್ (ಟ್ರೇಲರ್ ಎಳೆಯಲು ಕಾರಿನ ಹಿಂದೆ ಹಾಕುವ ಕೊಂಡಿ) ಹಾಕಿಸಿ, ಅದಕ್ಕೆ ಸೈಕಲ್ ರ್ಯಾಕ್ ಸಿಕ್ಕಿಸಿದ್ದೇನೆ. ಹಿಚ್‌ನ ಪ್ಲೇಟಿನಲ್ಲಿ 'ಎಸ್ 75 ಕೆಜಿ' ಅಂತ ಇದೆ. ನನ್ನ ಎಲೆಕ್ಟ್ರಿಕ್ ಸೈಕಲ್ 28 ಕೆಜಿ, ಹೆಂಡತಿಯದು 26. ಒಟ್ಟು 54 ಆಯಿತು. ಇನ್ನೂ 21 ಕೆಜಿ ಮಿಕ್ಕಿದೆ. ಮಗನ 14 ಕೆಜಿ ಸೈಕಲನ್ನೂ ಅದೇ ರ್ಯಾಕಿಗೆ ಏರಿಸಬಹುದು ಅಲ್ವಾ? ರ್ಯಾಕ್ ಮೂರು ಸೈಕಲ್ಲಿನದೇ.

ಉತ್ತರ: ಏರಿಸಬೇಡಿ. ಮೂರನೆಯದು ಹಾಗಿರಲಿ, ಎರಡಕ್ಕೇ ನಿಮ್ಮ ಲೆಕ್ಕ ಮುಗಿದಿದೆ. ನೀವು ಸೈಕಲ್ ತೂಗಿದಿರಿ, ರ್ಯಾಕ್ ತೂಗಲಿಲ್ಲ. ಮೂರು ಸೈಕಲ್ ಹೊರುವ ಕಬ್ಬಿಣದ ರ್ಯಾಕ್ 20 ಕೆಜಿ ದಾಟುವುದು ಮಾಮೂಲು. ನಿಮ್ಮದು 22 ಅಂತಿಟ್ಟುಕೊಳ್ಳಿ. 54ಕ್ಕೆ 22 ಸೇರಿದರೆ 76. ಮಿತಿ ಆಗಲೇ ದಾಟಿತು.

ಅಂದಾಜಿನ ಮೇಲೆ ಹೋಗಬೇಡಿ, ತೂಗಿ ನೋಡಿ. ಕಾಫಿ ಹಣ್ಣು ತೂಗುವ ತಕ್ಕಡಿ ನಿಮ್ಮ ತೋಟದಲ್ಲೇ ಇರುತ್ತದಲ್ಲ, ಅದಕ್ಕೇ ರ್ಯಾಕನ್ನೂ ಸೈಕಲ್‌ಗಳನ್ನೂ ಒಂದೊಂದಾಗಿ ಏರಿಸಿ. ಕಂಪನಿಯವರು ಕಾಗದದಲ್ಲಿ ಹೇಳುವ ತೂಕದಲ್ಲಿ ಆಮೇಲೆ ಹಾಕಿಸಿದ ಮಡ್‌ಗಾರ್ಡ್, ಕ್ಯಾರಿಯರ್, ಬೀಗ, ಬಾಟಲಿ ಯಾವುದೂ ಸೇರಿರುವುದಿಲ್ಲ. ನಾನು ತೂಗಿದ ಒಂದು ದಪ್ಪ ಟೈರಿನ ಸೈಕಲ್ ಕಾಗದದಲ್ಲಿ 29 ಇದ್ದದ್ದು ತಕ್ಕಡಿಯಲ್ಲಿ 33 ಬಂದಿತ್ತು.

ಬ್ಯಾಟರಿ ಕಳಚಿ ಕಾರಿನೊಳಗೆ ಇಟ್ಟುಕೊಳ್ಳಿ. ಒಂದಕ್ಕೆ ಮೂರರಿಂದ ನಾಲ್ಕು ಕೆಜಿ ಇಳಿಯುತ್ತದೆ. ಎರಡರದೂ ಸೇರಿ 7 ಕೆಜಿ ಅಂದುಕೊಂಡರೆ 76 ಹೋಗಿ 69 ಆಗುತ್ತದೆ. ಈಗ ಕಾಗದದ ಮೇಲೆ ನೀವು ಮಿತಿಯೊಳಗೆ ಬಂದಿರಿ. ಮಗನ ಸೈಕಲ್ಲಿಗೆ ಹಿಂದಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ ಒಳಗೇ ಮಲಗಿಸಿ.

ಕಾಗದದ ಮೇಲೆ ಅಂದೆ. ಅದಕ್ಕೆ ಕಾರಣ ಇದೆ. ಈ 'ಎಸ್' ಅನ್ನುವುದು ಹಿಚ್‌ನ ಗುಂಡಿನ ಮೇಲೆ ನೇರ ಕೆಳಕ್ಕೆ ಬೀಳಬಹುದಾದ ಭಾರ. ಟ್ರೇಲರ್ ಆದರೆ ಅದರ ಮೂತಿ ಗುಂಡಿನ ಮೇಲೆ ಸುಮ್ನೆ ಕೂತಿರುತ್ತದೆ. ಉಳಿದ ಭಾರ ಅದರದೇ ಚಕ್ರದ ಮೇಲೆ. ಮೇಲೆ ಕೆಳಗೆ ಆಡಿದರೆ ಗುಂಡಿನ ಮೇಲೆ ತಿರುಗಿಕೊಳ್ಳುತ್ತದೆ. ಸೈಕಲ್ ರ್ಯಾಕಿಗೆ ಚಕ್ರವೂ ಇಲ್ಲ, ತಿರುಗುವ ಅವಕಾಶವೂ ಇಲ್ಲ. ಬಿಗಿಯಾಗಿ ಕಚ್ಚಿಕೊಂಡು ಹಿಂದಕ್ಕೆ ಚಾಚಿಕೊಂಡಿರುತ್ತದೆ. 50 ಕೆಜಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ಹೋಗುವ ಆಳು ಕೈ ಚಾಚಿ ಹತ್ತು ಕೆಜಿ ಹಿಡಿದು ನಿಲ್ಲಲಾರ. ಹಾಗಾಗಿ ಭಾರದ ಸೈಕಲ್ ಯಾವತ್ತೂ ಕಾರಿಗೆ ಹತ್ತಿರದ ಸಾಲಿಗೆ, ಹಗುರದ್ದು ಹೊರಗಿನ ಸಾಲಿಗೆ. ನಿಮ್ಮದು ಮೂರು ಸಾಲಿನ ರ್ಯಾಕ್ ಆದ್ದರಿಂದ ಕೊನೆಯ ಸಾಲು ಖಾಲಿ ಇರಲಿ.

ಕಾರಿಗೆ ಆಗುವುದನ್ನೂ ನೋಡಿ. ಸ್ಕಾರ್ಪಿಯೊ-ಎನ್‌ನ ಎರಡು ಆಕ್ಸಲ್ ನಡುವೆ 2.75 ಮೀಟರ್. ಸೈಕಲ್‌ಗಳ ಭಾರ ಹಿಂದಿನ ಆಕ್ಸಲ್‌ನಿಂದ ಸುಮಾರು ಒಂದೂವರೆ ಮೀಟರ್ ಆಚೆ ತೂಗುತ್ತದೆ ಅಂತಿಟ್ಟುಕೊಂಡರೆ, 69 ಕೆಜಿ ನೇತುಹಾಕಿದಾಗ ಹಿಂದಿನ ಆಕ್ಸಲ್ ಮೇಲೆ ಬೀಳುವುದು 107 ಕೆಜಿ. ಮಿಕ್ಕ 38 ಎಲ್ಲಿಂದ ಬಂತು ಅಂದರೆ, ಮುಂದಿನ ಚಕ್ರಗಳಿಂದ ಎದ್ದು ಬಂದದ್ದು. ಸ್ಟೇರಿಂಗ್ ಹಗುರ ಆದ ಹಾಗೆ ಅನ್ನಿಸುವುದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಸಂಪಾಜೆ ಘಾಟಿಯ ತಿರುವಿನಲ್ಲಿ, ಅದೂ ಮಳೆಗಾಲದಲ್ಲಿ, ಮುಂದಿನ ಟೈರಿನ ಹಿಡಿತ ಕಡಿಮೆಯಾಗುವುದು ತಮಾಷೆಯಲ್ಲ. ಹಿಂದಿನ ಸೀಟಲ್ಲಿ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಈ 107 ಅದರ ಮೇಲೆ ಸೇರುತ್ತದೆ.

ಇನ್ನು ಹಂಪ್. ನಿಂತ ಕಾರಿನಲ್ಲಿ 69 ಇದ್ದ ಭಾರ ಹಂಪ್ ಹಾರಿ ಇಳಿಯುವ ಕ್ಷಣಕ್ಕೆ ಎರಡು ಪಟ್ಟಾಗಬಹುದು. ಗೋಣಿಕೊಪ್ಪದಿಂದ ಹುಣಸೂರಿಗೆ ತಿತಿಮತಿ, ಆನೆಚೌಕೂರು ಮೇಲೆ ಕಾಡು ದಾಟುವಾಗ ಎಷ್ಟು ಹಂಪ್ ಸಿಗುತ್ತವೆ ಅಂತ ನಿಮಗೆ ಗೊತ್ತು. ಮಿತಿಯ ಅಂಚಿಗೇ ತಂದು ನಿಲ್ಲಿಸಬೇಡಿ ಅನ್ನುವುದು ಅದಕ್ಕೇ. ಕೆಲವು ರ್ಯಾಕ್ ಕಂಪನಿಗಳು ಕಚ್ಚಾ ರಸ್ತೆಯಾದರೆ ಅರ್ಧ ಭಾರ ಮಾತ್ರ ಅಂತ ಪುಸ್ತಕದಲ್ಲೇ ಬರೆದಿರುತ್ತವೆ. ಜೊತೆಗೆ ರ್ಯಾಕಿನ ಒಂದೊಂದು ಸಾಲಿಗೂ ಬೇರೆ ಮಿತಿ ಇರುತ್ತದೆ. ಹಳೆಯ ರ್ಯಾಕುಗಳು ಸಾಲಿಗೆ 15–20 ಕೆಜಿಗೇ ಮುಗಿಯುತ್ತವೆ. ಅವು ಮಾಮೂಲಿ ಸೈಕಲ್ ಕಾಲದವು, ಎಲೆಕ್ಟ್ರಿಕ್ ಸೈಕಲ್ಲಿಗೆ ಮಾಡಿದವಲ್ಲ. ಹಿಚ್, ರ್ಯಾಕ್, ಸಾಲು, ಕಾರು ಈ ನಾಲ್ಕರಲ್ಲಿ ಯಾವುದರ ಅಂಕಿ ಚಿಕ್ಕದೋ ಅದೇ ನಿಮ್ಮ ಮಿತಿ.

ಕಾರಿನ ಅಂಕಿ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಹುಡುಕಿ. ಹಿಚ್ ಮೇಲೆ ಇಷ್ಟು ಭಾರ ಇಡಬಹುದು ಅಂತ ಅಲ್ಲಿ ಇಲ್ಲದಿದ್ದರೆ, ಪ್ಲೇಟಿನ 75 ಬರೀ ಹಿಚ್‌ನ ಮಾತು, ಕಾರಿನದಲ್ಲ. ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಕೇಳಿ. ಕಂಪನಿ ಕೊಟ್ಟ ರೂಪವನ್ನು ಬದಲಿಸುವ ವಿಷಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಬರುತ್ತದೆ. ಹೊರಗೆ ಹಾಕಿಸಿದ ಹಿಚ್ ಬಗ್ಗೆ ವಿಮೆಯವರನ್ನೂ ಒಮ್ಮೆ ಕೇಳಿಟ್ಟುಕೊಳ್ಳಿ.

ಒಂದು ಮಾತು ಬಾಕಿ. ಹೋದ ಮಳೆಗಾಲ ನನ್ನ ಶೆಡ್ಡಿಗೆ ಒಂದು ಗಾಡಿ ಬಂತು. ಯಾವುದೋ ಅಂಗಡಿಯಲ್ಲಿ ಚೌಕದ ಪೈಪ್ ಬೆಸೆದು ಮಾಡಿದ ಹಿಚ್. ರ್ಯಾಕ್ ಸ್ವಲ್ಪ ಅಲ್ಲಾಡುತ್ತದೆ, ಬೋಲ್ಟ್ ಬಿಗಿ ಮಾಡಿ ಅಂದರು. ಅಡಿ ಪೂರ್ತಿ ಕೆಸರು. ನೀರು ಹೊಡೆದೆ. ಕೆಸರೆಲ್ಲ ಹೋಯಿತು, ವೆಲ್ಡಿಂಗ್ ಅಂಚಿನ ಒಂದು ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಕೂದಲೆಳೆಯಷ್ಟು ಸಣ್ಣದು. ಒರೆಸಿದರೆ ಮತ್ತೆ ಒಸರುತ್ತಿತ್ತು. ಅದು ಮಣ್ಣಲ್ಲ, ಬಿರುಕಿನೊಳಗಿನ ತುಕ್ಕು. ನಮ್ಮ ಕೊಡಗಿನ ಕೆಂಪು ಮಣ್ಣಿನ ತೊಂದರೆಯೇ ಇದು, ತುಕ್ಕು ಕಂಡರೂ ಮಣ್ಣು ಅಂತಲೇ ಅನ್ನಿಸುತ್ತದೆ. ತಿಂಗಳಿಗೊಮ್ಮೆ ಅಡಿ ತೊಳೆದು, ಒಣಗಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ಪಿನ್ ಹಾಕುವ ತೂತು ದುಂಡಗಿದ್ದದ್ದು ಮೊಟ್ಟೆಯಂತಾಗಿದ್ದರೆ ಆ ಹಿಚ್ ಮುಗಿಯಿತು.

ಪ್ರಶ್ನೆ: ನನ್ನ ಎಕ್ಸ್‌ಪಲ್ಸ್ 200 ಬೈಕನ್ನು ಹಿಚ್ ಮೇಲೆ ಕೂರಿಸಿ ಮಾಂದಲ್‌ಪಟ್ಟಿ ಕಡೆಗೆ ಒಯ್ಯಬಹುದಾ? ಅಮೆರಿಕದಲ್ಲಿ ಹಾಗೆ ಒಯ್ಯುವ ವಿಡಿಯೊ ನೋಡಿದೆ. (ಸೋಮವಾರಪೇಟೆ)

ಉತ್ತರ: ಆಗುವುದಿಲ್ಲ. ಆ ಬೈಕ್ ಹತ್ತಿರ ಹತ್ತಿರ 160 ಕೆಜಿ. ಕ್ಯಾರಿಯರ್ ಬೇರೆ. ಅಲ್ಲಿ ನೋಡಿದ್ದು ಎರಡು ಇಂಚಿನ ರಿಸೀವರ್ (ಕ್ಯಾರಿಯರ್ ತೂರಿಸುವ ಚೌಕದ ಕೊಳವೆ) ಇರುವ ದೊಡ್ಡ ಪಿಕಪ್ ಟ್ರಕ್‌ಗಳು. ಅವುಗಳ ಹಿಚ್ ಮೇಲೆ ಇನ್ನೂರು ಕೆಜಿಗೂ ಜಾಸ್ತಿ ಇಡಬಹುದು. ಇಲ್ಲಿ ಒಂದು ದಿನಕ್ಕೆ ಪಿಕಪ್ ಬಾಡಿಗೆಗೆ ಹಿಡಿಯಿರಿ, ಹಲಗೆ ಇಟ್ಟು ಏರಿಸಿ, ನಾಲ್ಕು ಕಡೆ ಬೆಲ್ಟ್ ಬಿಗಿಯಿರಿ. ಅಥವಾ ಬೈಕನ್ನು ಓಡಿಸಿಕೊಂಡೇ ಹೋಗಿ. ಅದು ಇರುವುದೇ ಅದಕ್ಕಲ್ವಾ?

ಪ್ರಶ್ನೆ: ಹಿಚ್ ಇಲ್ಲ. ಬಂಪರಿನಲ್ಲಿ ಎಳೆಯುವ ಕೊಕ್ಕೆ ಇದೆ. ಅದಕ್ಕೇ ರ್ಯಾಕ್ ಸಿಕ್ಕಿಸಿದರೆ? ಇಲ್ಲವಾದರೆ ಥಾರ್‌ನ ಸ್ಟೆಪ್ನಿಗೆ ಕಟ್ಟುವ ರ್ಯಾಕ್ ಸಾಕಾ? (ನಾಪೋಕ್ಲು)

ಉತ್ತರ: ಕೊಕ್ಕೆ ಕೆಟ್ಟು ನಿಂತ ಗಾಡಿಯನ್ನು ಎಳೆಯುವುದಕ್ಕೆ. ಮೇಲಿನಿಂದ ಬೀಳುವ ಭಾರ ಹೊರುವುದಕ್ಕಲ್ಲ. ಅದನ್ನು ಬಿಡಿ. ಸ್ಟೆಪ್ನಿ ರ್ಯಾಕಿನ ಭಾರ ಪೂರ್ತಿ ಹಿಂದಿನ ಬಾಗಿಲಿನ ಕೀಲಿನ ಮೇಲೆ ಬೀಳುತ್ತದೆ. ಅದು ಸ್ಟೆಪ್ನಿಯನ್ನೇ ಹೊತ್ತು ಸುಸ್ತಾಗಿದೆ. ಹಗುರದ ಮಾಮೂಲಿ ಸೈಕಲ್ ಒಂದು ಪರವಾಗಿಲ್ಲ. 25 ಕೆಜಿಯ ಎಲೆಕ್ಟ್ರಿಕ್ ಸೈಕಲ್ ನಾನಾದರೆ ಕಟ್ಟುವುದಿಲ್ಲ. ಕೆಲವೇ ತಿಂಗಳಲ್ಲಿ ಬಾಗಿಲು ಜೋತು ಬಿದ್ದು, ಎತ್ತಿ ಹಿಡಿದರೆ ಮಾತ್ರ ಲಾಕ್ ಬೀಳುವ ಸ್ಥಿತಿಗೆ ಬರುತ್ತದೆ.

ಪ್ರಶ್ನೆ: ರ್ಯಾಕ್ ಹಾಕಿದರೆ ನಂಬರ್ ಪ್ಲೇಟ್ ಮುಚ್ಚಿಹೋಗುತ್ತದೆ. ಮಳೆಗೆ ಸೈಕಲ್ಲಿಗೆ ಟಾರ್ಪಾಲು ಹೊದಿಸಬಹುದಾ? (ವಿರಾಜಪೇಟೆ)

ಉತ್ತರ: ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಮೂರೂ ಹಿಂದಿನವರಿಗೆ ಕಾಣಬೇಕು. ನಂಬರನ್ನು ರಟ್ಟಿನಲ್ಲಿ ಬರೆದು ರ್ಯಾಕಿಗೆ ಕಟ್ಟಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರೆ ಆ ರಟ್ಟು ನಿಮ್ಮ ನೆರವಿಗೆ ಬರುವುದಿಲ್ಲ. ರ್ಯಾಕ್ ಕೊಳ್ಳುವ ಮೊದಲೇ ಅಂಗಡಿಯವರ ಮುಂದೆ ಸೈಕಲ್ ಏರಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಮುಚ್ಚಿದರೆ ಆ ರ್ಯಾಕ್ ಬೇಡ.

ಟಾರ್ಪಾಲು ಬೇಡವೇ ಬೇಡ. ಗಾಳಿ ತುಂಬಿಕೊಂಡು ರ್ಯಾಕನ್ನೇ ಹಿಂದಕ್ಕೆ ಜಗ್ಗುತ್ತದೆ. ಬ್ಯಾಟರಿ ತೆಗೆದ ಜಾಗದ ಪಿನ್‌ಗಳಿಗೆ, ಹ್ಯಾಂಡಲಿನ ಡಿಸ್‌ಪ್ಲೇಗೆ ಮಾತ್ರ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿ. ಹಾಗೇ ಸೈಲೆನ್ಸರ್ ಬಾಯಿ ಎಲ್ಲಿದೆ ನೋಡಿಕೊಳ್ಳಿ. ಸೈಕಲ್ ಟೈರು ಅದರ ಎದುರಿಗೇ ಬಂದರೆ ಮೈಸೂರು ಮುಟ್ಟುವಷ್ಟರಲ್ಲಿ ರಬ್ಬರ್ ಮೆತ್ತಗಾಗಿರುತ್ತದೆ. ಸೈಕಲನ್ನು ತಿರುಗಿಸಿ ಇಟ್ಟರೆ ಹೆಚ್ಚಿನ ಸಲ ಆ ತಾಪತ್ರಯ ತಪ್ಪುತ್ತದೆ.