ಈಜು ಬಾರದ ಅಮ್ಮನ ಜೊತೆ ನದಿ ನಡಿಗೆ
ಮೇಡಂ, ಈಜು ಬಾರದ ಅಮ್ಮನನ್ನು ಕೊಡಗಿನಲ್ಲಿ ಗೈಡ್ ಜೊತೆ ನದಿ ನಡಿಗೆಗೆ ಕರೆತರಬಹುದಾ ಅಂತ ಕೇಳಿದ್ದೀರಿ. ಮೊಣಕಾಲಿನ ಕೆಳಗಿನ ನೀರಾದರೆ ಬನ್ನಿ, ಆದರೆ ಜುಲೈನಲ್ಲಿ ಬೇಡ. ಮಳೆಗಾಲದ ಬರಪೊಳೆ ನದಿ ರಾಫ್ಟಿಂಗ್ ಮಾಡುವವರಿಗೇ ಸರಿ. ಫೆಬ್ರವರಿ ಹೊತ್ತಿಗೆ ದುಬಾರೆ ಕಡೆ ಕಾವೇರಿಯ ನೀರು ಇಳಿದು ಬಂಡೆಗಳು ಕಾಣುತ್ತವೆ.

ಅಲ್ಲೂ ಆಳ ನೋಡಿ ಹೆದರುವವರೇ ಎಲ್ಲ, ಜಾರಿಸುವುದು ಮಾತ್ರ ಪಾಚಿ. ಚಪ್ಪಲಿ ಬೇಡ, ಗ್ರಿಪ್ ಇರುವ ಶೂ ಹಾಕಿಸಿ, ಕೈಗೊಂದು ಕೋಲು ಕೊಡಿ. ಹರಿವು ದಾಟುವಾಗ ನೀರು ಬರುವ ಕಡೆ ಮುಖ ಮಾಡಿ, ಪಕ್ಕಕ್ಕೆ ಪುಟ್ಟ ಹೆಜ್ಜೆ ಇಡಬೇಕು. ಬಂಡೆಯಿಂದ ಬಂಡೆಗೆ ಹಾರುವುದು ಸುಮ್ನೆ ಕಾಲು ಮುರಿದುಕೊಳ್ಳುವ ಕೆಲಸ, ಅಲ್ವಾ? ಲೈಫ್ ಜಾಕೆಟ್ ಕೊಡದ ಗೈಡ್ ಬೇಡವೇ ಬೇಡ. ಸಂಜೆ ಕಾಡಾನೆಗಳು ಹೊಳೆಗೆ ಬರಬಹುದು, ಬೆಳಿಗ್ಗೆಯೇ ಮುಗಿಸಿ.