ಹಳೆಯ ಫೋಟೋಗ್ರಾಫರ್ ಜೊತೆಗೇ ಮಾಡಿ

ಎರಡನೇ ಅಡುಗೆ ಪುಸ್ತಕಕ್ಕೂ ಅದೇ ಫೋಟೋಗ್ರಾಫರ್ ಇರಲಾ, ಹೊಸಬರನ್ನು ಹುಡುಕಲಾ ಅಂತ ಕೇಳಿದ್ದೀರಿ. ಹಳಬರನ್ನು ಬಿಡಬೇಡಿ ಅನ್ನುತ್ತೇನೆ.

ಮುಂಬೈಯ ಮಾಟುಂಗದ ನಮ್ಮ ಮನೆಯಲ್ಲಿ ಆರು ವರ್ಷದಿಂದ ಒಬ್ಬರ ಜೊತೆಗೇ ಕೆಲಸ ಮಾಡುತ್ತಿದ್ದೇನೆ. ಶುರುವಿನಲ್ಲಿ ಕೋಸಂಬರಿ ಫೋಟೋ ಎಲ್ಲ ಹಾಳಾಗುತ್ತಿತ್ತು. ನಾನು ಮೊದಲೇ ಉಪ್ಪು ಹಾಕುತ್ತಿದ್ದೆ, ಸೌತೆಕಾಯಿ ನೀರು ಬಿಡುತ್ತಿತ್ತು. ಈಗ ಅವರು ಕ್ಯಾಮೆರಾ ಹೊಂದಿಸಿಕೊಂಡು ತಲೆಯಾಡಿಸಿದ ಮೇಲೇ ಉಪ್ಪು. ದೋಸೆಗೂ ಹಾಗೇ. ಖಾಲಿ ತಟ್ಟೆ ಇಟ್ಟು ಬೆಳಕು ನೋಡಿಕೊಳ್ಳುತ್ತಾರೆ, ಆಮೇಲೆ ನಾನು ಹುಯ್ಯುತ್ತೇನೆ. ಗರಿಗರಿ ಹೋಗುವುದರೊಳಗೆ ಫೋಟೋ ಆಗಿರುತ್ತದೆ. ಮಳೆಗಾಲದ ಮೋಡದ ಬೆಳಕು ಪತ್ರೊಡೆಗೆ ಎಷ್ಟು ಚೆಂದ ಅಂತ ತೋರಿಸಿದ್ದೂ ಅವರೇ. ಒಳ್ಳೆಯ ಕೆಸುವಿನ ಎಲೆ ಬರುವುದೂ ಆಗಲೇ ಅಲ್ವಾ! ಇಂಥ ಹೊಂದಾಣಿಕೆ ಹೊಸಬರ ಜೊತೆ ವಾರದಲ್ಲಿ ಬರುವುದಿಲ್ಲ.

ಆದರೆ ಸ್ನೇಹ ಇದೆ ಅಂತ ಸುಮ್ನೆ ಇರಬೇಡಿ, ಎಲ್ಲ ಬರೆದುಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಫೋಟೋದ ಮೊದಲ ಹಕ್ಕುದಾರರು. ಪ್ರಕಾಶಕರೇ ದುಡ್ಡು ಕೊಟ್ಟು ತೆಗೆಸಿದರೆ ನಿಮ್ಮಿಬ್ಬರ ಕೈಯಲ್ಲೂ ಹಕ್ಕು ಉಳಿಯದೇ ಹೋಗಬಹುದು. ಒಲೆ ಹಚ್ಚುವ ಮೊದಲು ಫೋಟೋಗ್ರಾಫರ್, ಪ್ರಕಾಶಕರು ಇಬ್ಬರ ಹತ್ತಿರವೂ ಈ ಮಾತು ಮುಗಿಸಿಕೊಳ್ಳಿ.