ನನ್ನ ನಾಯಕನನ್ನು ಕೆಡಿಸಿದ್ದು ‘ಆದುದರಿಂದ’ ಎಂಬ ಒಂದು ಪದ

ಕ್ರೈಸ್ತ ಹಿನ್ನೆಲೆಯ ಎಪಿಕ್ ಫ್ಯಾಂಟಸಿ ಕಾದಂಬರಿಯಲ್ಲಿ, ಅಂದರೆ ಕಲ್ಪಿತ ಲೋಕವೊಂದರ ಮಹಾಯುದ್ಧದ ಕಥೆಯಲ್ಲಿ, ನಾಯಕನ ನಂಬಿಕೆ ಗಟ್ಟಿಯಾದದ್ದೆಂದು ಓದುಗರಿಗೆ ಮನವರಿಕೆಯಾಗಬೇಕಾದರೆ ಅವನ ಪ್ರಾರ್ಥನೆಗೆ ಎಷ್ಟು ಬಾರಿ ಉತ್ತರ ಸಿಗಬೇಕು, ಕೊನೆಯ ಯುದ್ಧದಲ್ಲಿ ಅವನು ಸೋತರೆ ನಂಬಿಕೆಯೇ ಸೋತಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ಚಿತ್ರದುರ್ಗದ ಬಾಡಿಗೆ ಮನೆಯೊಂದರಲ್ಲಿ ಕುಳಿತು ನಾನೂ ಇದೇ ಪ್ರಶ್ನೆಯನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಅದಕ್ಕೆ ತಪ್ಪು ಉತ್ತರವನ್ನು ನಾನೇ ಕೊಟ್ಟುಕೊಂಡು, ಆ ಉತ್ತರವನ್ನೇ ನಂಬಿ ಆರು ವರ್ಷ ಬರೆದೆ.

ಕಥೆ ನಡೆಯುವುದು ಏಳು ಸುತ್ತಿನ ಕೋಟೆಯೊಂದರಲ್ಲಿ. ದುರ್ಗದಲ್ಲಿ ಬೆಳೆದವನಿಗೆ ಬೇರೆ ಕೋಟೆ ಕಣ್ಣಿಗೆ ಬರುವುದಾದರೂ ಹೇಗೆ? ನಾಯಕನ ಹೆಸರು ಅಭಯ. ಉತ್ತರದಿಂದ ಕತ್ತಲೆಯ ಸೈನ್ಯ ಬರುತ್ತದೆ, ಒಂದೊಂದೇ ಸುತ್ತು ಅಪಾಯಕ್ಕೆ ಸಿಲುಕುತ್ತದೆ, ಪ್ರತಿ ಬಾರಿಯೂ ಅಭಯ ಮೊಣಕಾಲೂರಿ ಪ್ರಾರ್ಥಿಸುತ್ತಾನೆ, ಪ್ರತಿ ಬಾರಿಯೂ ಮಳೆಯೋ ಮಿಂಚೋ ದೇವದೂತನೋ ಬಂದು ಕೋಟೆಯನ್ನು ಉಳಿಸುತ್ತದೆ. 612 ಪುಟಗಳು ತುಂಬಿದ ಮೇಲೆ ಮೂರು ಭಾಗಗಳಾಗಿ ಸ್ಪೈರಲ್ ಬೈಂಡ್ ಮಾಡಿಸಿ, ಮೊದಲ ಓದಿಗೆಂದು ದಾವಣಗೆರೆಯಲ್ಲಿದ್ದ ನನ್ನ ಚಿಕ್ಕಮ್ಮನ ಕೈಗೆ ಕೊಟ್ಟೆ. ನನಗೆ ಓದಿನ ರುಚಿ ಹತ್ತಿಸಿದವರು ಅವರೇ. ಹೊಲಿಗೆ ಯಂತ್ರದ ಪಕ್ಕದಲ್ಲಿ ಯಾವಾಗಲೂ ಒಂದು ಕಾದಂಬರಿಯನ್ನು ಮಗುಚಿ ಇಟ್ಟುಕೊಂಡೇ ರವಿಕೆ ಹೊಲಿಯುತ್ತಿದ್ದವರು.

ಎರಡು ತಿಂಗಳ ನಂತರ ಹೋದಾಗ ಅವರು ಮೊದಲ ಭಾಗವನ್ನು ಮಾತ್ರ ಮೇಜಿನ ಮೇಲಿಟ್ಟರು. ಬಟ್ಟೆಗೆ ಗುರುತು ಹಾಕುವ ನೀಲಿ ಟೈಲರ್ ಚಾಕ್‌ನಲ್ಲಿ, ನಾಯಕನ ಪ್ರಾರ್ಥನೆ ಫಲಿಸಿದ ಕಡೆಯಲ್ಲೆಲ್ಲ ಅಂಚಿನಲ್ಲಿ ಒಂದೊಂದು ಗೀಟು ಎಳೆದಿದ್ದರು. ಪುಟ ತಿರುವಿದಂತೆ ಆ ನೀಲಿಪುಡಿ ನನ್ನ ಬೆರಳಿಗೆ ಹತ್ತುತ್ತಿತ್ತು. ಹದಿನೇಳು ಗೀಟುಗಳಿದ್ದವು. 188ನೆಯ ಪುಟದಲ್ಲಿ ಅಂಚಿನ ಗೀಟಿಗೆ ಬದಲಾಗಿ ಒಂದು ಪದದ ಕೆಳಗೆ ಗೆರೆಯಿತ್ತು, ಅಲ್ಲಿಂದ ಮುಂದೆ ಯಾವ ಗುರುತೂ ಇರಲಿಲ್ಲ. ಕೋಟೆಯ ಬಾಗಿಲು ಕಾಯುವವನ ಮಗು ಜ್ವರದಿಂದ ಸಾಯುವ ಸ್ಥಿತಿಯಲ್ಲಿದೆ, ಅಭಯ ಇರುಳೆಲ್ಲ ಪ್ರಾರ್ಥಿಸುತ್ತಾನೆ, ಬೆಳಗಿನ ಜಾವದ ಸಾಲು ಹೀಗಿದೆ: ‘ಅವನ ನಂಬಿಕೆಯಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ; ಆದುದರಿಂದ ಮಗು ಕಣ್ಣು ತೆರೆಯಿತು.’ ಗೆರೆ ಇದ್ದದ್ದು ‘ಆದುದರಿಂದ’ ಎಂಬುದರ ಕೆಳಗೆ.

ಚಿಕ್ಕಮ್ಮನ ಮಗಳು ಏಳು ವರ್ಷದವಳಿದ್ದಾಗ ಜ್ವರದಲ್ಲೇ ತೀರಿಕೊಂಡಿದ್ದಳು. ಅದು ನನಗೆ ಗೊತ್ತಿತ್ತು. ಆ ಮಗುವಿನ ಮಣ್ಣಿಗೆ ನಾನೂ ಹೋಗಿದ್ದೆ. ಗೊತ್ತಿದ್ದೂ ಆ ಸಾಲನ್ನು ಬರೆದೆ, ಬರೆದು ಅವರ ಕೈಗೇ ಓದಲು ಕೊಟ್ಟೆ. ಅವರು ಕೇಳಿದ್ದು ಒಂದೇ ಮಾತು: “ಹಾಗಾದರೆ ನಮ್ಮ ಮನೆಯಲ್ಲಿ ನಂಬಿಕೆ ಕಡಿಮೆ ಬಿದ್ದಿತ್ತೇನಪ್ಪ?” ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಎರಡು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ, ಉಳಿದ ಎರಡು ಭಾಗಗಳನ್ನು ಕೇಳಲೂ ಇಲ್ಲ.

ಈ ಒಂದು ಪದದ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೂ ಇದೇ ಪದ ಕುಳಿತಿದೆ. ‘ಮಗು ಕಣ್ಣು ತೆರೆಯಿತು’ ಎಂದಷ್ಟೇ ಬರೆದಿದ್ದರೆ ಅದು ಕೃಪೆಯಾಗುತ್ತಿತ್ತು: ಕೇಳದೆಯೂ ಬರಬಹುದಾದದ್ದು, ಕೇಳಿದರೂ ಬಾರದಿರಬಹುದಾದದ್ದು. ‘ಆದುದರಿಂದ’ ಎಂದು ಬರೆದ ಕ್ಷಣದಲ್ಲಿ ನಾನು ದೇವರನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದೆ. ಇಷ್ಟು ನಂಬಿಕೆ ಸುರಿದರೆ ಇಷ್ಟು ಪವಾಡ ತೂಗುತ್ತದೆ ಎಂದಾದ ಮೇಲೆ ಅಭಯನಿಗೂ ಮಂತ್ರವಾದಿಗೂ ವ್ಯತ್ಯಾಸವೇನು ಉಳಿಯಿತು? ನನ್ನ ಕಥೆಯ ಖಳನೂ ಮಂತ್ರ ಹೇಳಿ ಫಲ ಪಡೆಯುತ್ತಿದ್ದ, ನಾಯಕನೂ ಪ್ರಾರ್ಥನೆ ಹೇಳಿ ಫಲ ಪಡೆಯುತ್ತಿದ್ದ. ಇಬ್ಬರ ಹಿಂದಿದ್ದ ಯಂತ್ರ ಒಂದೇ. ಇನ್ನೂ ಕೆಟ್ಟದ್ದೆಂದರೆ, ಆ ಪದ ಹಿಂದುಮುಂದಾಗಿಯೂ ಓಡುತ್ತದೆ. ನಂಬಿಕೆಯಿತ್ತು, ಆದುದರಿಂದ ಬದುಕಿತು ಎಂದು ಬರೆದವನು, ಬದುಕಲಿಲ್ಲ, ಆದುದರಿಂದ ನಂಬಿಕೆಯಿರಲಿಲ್ಲ ಎಂದೂ ಬರೆದಂತೆಯೇ. ನಾನು ಬರೆಯದೇ ಬಿಟ್ಟ ಆ ಎರಡನೆಯ ವಾಕ್ಯವನ್ನು ಚಿಕ್ಕಮ್ಮ ಓದಿದರು.

‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು’ ಎಂದು ಸುವಾರ್ತೆಯಲ್ಲೇ ಇದೆಯಲ್ಲ ಎಂದು ನೀವು ಹೇಳಬಹುದು. ಇದೆ. ಆ ಮಾತನ್ನು ಹೇಳಿದ ಯೇಸುವೇ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಈ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿಕೊಂಡರು, ಅದು ತೊಲಗಲಿಲ್ಲ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ನಂಬಿಕೆಯ ವೀರರ ಅಧ್ಯಾಯವೆಂದೇ ಕರೆಯುತ್ತೇವೆ. ಅಲ್ಲಿ 34ನೆಯ ವಚನದಲ್ಲಿ ಕೆಲವರು ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಳ್ಳುತ್ತಾರೆ, ಮೂರೇ ವಚನಗಳ ಆಚೆ 37ರಲ್ಲಿ ಅದೇ ನಂಬಿಕೆಯ ಜನ ಕತ್ತಿಗೆ ಬಲಿಯಾಗುತ್ತಾರೆ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಇಡಲಾಗಿದೆ. ಬಾಲ್ಯದಿಂದ ಎಷ್ಟೋ ಬಾರಿ ಬಾಯಿಪಾಠ ಒಪ್ಪಿಸಿದ್ದ ನಾನು ಈ ಎರಡು ಕತ್ತಿಗಳನ್ನು ಒಟ್ಟಿಗೆ ನೋಡಿದ್ದು ಚಿಕ್ಕಮ್ಮನ ಮಾತು ಕೇಳಿದ ಮೇಲೆ.

ಇಂಥ ತಪ್ಪು ನನ್ನಲ್ಲಿ ಎಲ್ಲಿಂದ ಬಂತೆಂದು ಬಹಳ ದಿನ ಯೋಚಿಸಿದ್ದೇನೆ. ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳುವ ಪದ್ಧತಿ ನಮ್ಮಲ್ಲಿದೆ. ಕೆಲಸ ಸಿಕ್ಕಿದವರು, ಗುಣವಾದವರು, ಸಾಲ ತೀರಿದವರು ಎದ್ದು ನಿಂತು ಹೇಳುತ್ತಾರೆ, ಉಳಿದವರು ಹಿಂದಿನ ಚಾಪೆಯಲ್ಲಿ ಕುಳಿತು ಆಮೆನ್ ಎನ್ನುತ್ತಾರೆ. ಆ ಸಾಕ್ಷಿಗಳು ಸುಳ್ಳಲ್ಲ, ಅವುಗಳಿಂದ ನನಗೂ ಬಲ ಬಂದಿದೆ. ಆದರೆ ನಾನು ಕಥೆಯ ಕಟ್ಟಡವನ್ನೇ ಅಲ್ಲಿಂದ ಕಲಿತೆ: ಕಷ್ಟ, ಪ್ರಾರ್ಥನೆ, ಪರಿಹಾರ. ಹಿಂದಿನ ಚಾಪೆಯವರ ನಂಬಿಕೆಗೆ ನನ್ನ ಏಳು ಸುತ್ತಿನ ಕೋಟೆಯಲ್ಲಿ ಒಂದು ಕೋಣೆಯೂ ಇರಲಿಲ್ಲ. ಮಗಳು ಹೋದ ಮೇಲೂ ಪ್ರತಿ ವಾರ ಬಂದು ಆ ಚಾಪೆಯಲ್ಲಿ ಕುಳಿತು ಬೇರೆಯವರ ಸಾಕ್ಷಿಗೆ ಆಮೆನ್ ಎಂದ ಹೆಂಗಸಿನ ನಂಬಿಕೆಯನ್ನು ಅಳೆಯುವ ಯೋಗ್ಯತೆ ನನ್ನ ಅಭಯನಿಗೆ ಇರಲಿಲ್ಲ.

ಆಮೇಲೆ, ಕಾಲೇಜಿನ ದಿನಗಳಲ್ಲಿ ಕತ್ತಿವರಸೆಗಾಗಿ ಓದಿದ್ದ ಟೋಲ್ಕಿನ್ನರ ‘ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಮತ್ತೆ ಓದಿದೆ. 1954–55ರಲ್ಲಿ ಬಂದ ಆ ಮೂರು ಸಂಪುಟಗಳಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಪ್ರಾರ್ಥನೆ ಹುಡುಕಿದರೂ ಸಿಗುವುದು ಅಪರೂಪ. ಆದರೂ ಟೋಲ್ಕಿನ್ 1953ರಲ್ಲಿ ಒಬ್ಬ ಜೆಸುಯಿಟ್ (ಕ್ಯಾಥೊಲಿಕ್ ಸಂನ್ಯಾಸಿ) ಗೆಳೆಯರಿಗೆ ಬರೆದ ಪತ್ರದಲ್ಲಿ ಇದು ಮೂಲತಃ ಧಾರ್ಮಿಕವಾದ, ಕ್ಯಾಥೊಲಿಕ್ ಕೃತಿಯೆಂದೂ, ಆ ಅಂಶ ಕಥೆಯಲ್ಲೇ ಕರಗಿರುವುದರಿಂದ ಧರ್ಮದ ನೇರ ಪ್ರಸ್ತಾಪಗಳನ್ನು ತೆಗೆದುಹಾಕಿದ್ದೇನೆಂದೂ ಹೇಳಿದ್ದಾರೆ. ಲೋಕವನ್ನೇ ಕತ್ತಲೆಗೆ ದೂಡಬಲ್ಲ ಉಂಗುರವೊಂದನ್ನು ನಾಶಮಾಡುವ ಕಥೆ ಅದು. ಆ ಉಂಗುರ ನಾಶವಾಗುವ ದಿನ ಮಾರ್ಚ್ 25; ದೇವದೂತ ಮರಿಯಳಿಗೆ ಶುಭವಾರ್ತೆ ತಂದದ್ದನ್ನು ಸಭೆ ನೆನೆಯುವ ದಿನವೂ ಅದೇ. ಗೊತ್ತಿದ್ದವರಿಗೆ ಅದು ಕಾಣುತ್ತದೆ, ಗೊತ್ತಿಲ್ಲದವರಿಗೆ ಕಥೆ ನಿಲ್ಲುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಕೊನೆ. ಉಂಗುರವನ್ನು ಬೆಂಕಿಗೆ ಹಾಕಲೆಂದೇ ಹೊರಟು ಬೆಂಕಿಯ ಬೆಟ್ಟದ ಅಂಚಿಗೆ ಬಂದು ನಿಂತ ನಾಯಕ ಫ್ರೋಡೊ ಅದನ್ನು ಎಸೆಯುವುದಿಲ್ಲ. ಇದು ನನ್ನದು ಎಂದುಬಿಡುತ್ತಾನೆ. ನಾಯಕ ಸೋಲುತ್ತಾನೆ, ಅದೂ ಕಟ್ಟಕಡೆಯ ಹೆಜ್ಜೆಯಲ್ಲಿ. ಆಗ, ಹಿಂದೊಮ್ಮೆ ಆ ಉಂಗುರವನ್ನು ಇಟ್ಟುಕೊಂಡಿದ್ದು ಅದರ ಆಸೆಗೆ ಬೆನ್ನು ಹತ್ತಿ ಬಂದ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಉಂಗುರ ಕಸಿದುಕೊಂಡು, ಕುಣಿಯುತ್ತ ಕಾಲು ಜಾರಿ ಬೆಂಕಿಗೆ ಬೀಳುತ್ತಾನೆ. ಆ ಗೊಲ್ಲಮ್ ಅಲ್ಲಿಯವರೆಗೆ ಬದುಕಿದ್ದು ಹೇಗೆ? ಎಷ್ಟೋ ವರ್ಷಗಳ ಹಿಂದೆ ಫ್ರೋಡೊನ ಹಿರಿಯ ಬಂಧು ಬಿಲ್ಬೊ ಅವನನ್ನು ಕೊಲ್ಲಬಹುದಾದಾಗ ಕನಿಕರದಿಂದ ಬಿಟ್ಟಿದ್ದ, ಮುಂದೆ ಫ್ರೋಡೊನೂ ಬಿಟ್ಟಿದ್ದ. ಲೋಕ ಉಳಿಯುವುದು ನಾಯಕನ ಬಲದಿಂದಲ್ಲ, ಅವನು ಮರೆತೂ ಹೋಗಿರಬಹುದಾದ ಒಂದು ದಯೆಯಿಂದ. ಇಷ್ಟಾದ ಮೇಲೂ ಫ್ರೋಡೊನ ಗಾಯ ಮಾಯುವುದಿಲ್ಲ, ತಾನು ಉಳಿಸಿದ ಊರಿನಲ್ಲಿ ಬಾಳಲು ಅವನಿಗೆ ಆಗುವುದಿಲ್ಲ. ಈ ಪುಟಗಳನ್ನು ಓದಿದ ರಾತ್ರಿ ನನ್ನ ಹದಿನೇಳು ನೀಲಿ ಗೀಟುಗಳನ್ನು ತೆಗೆದು ನೋಡಿದೆ. ಅಭಯ ಒಬ್ಬನೇ ಒಬ್ಬ ಶತ್ರುವಿಗೂ ಕನಿಕರ ತೋರಿರಲಿಲ್ಲ. ಪ್ರಾರ್ಥನೆ ಕೈಯಲ್ಲಿದ್ದವನಿಗೆ ಕನಿಕರದ ಅಗತ್ಯವೇ ಬಿದ್ದಿರಲಿಲ್ಲ.

ಸಿ. ಎಸ್. ಲೂಯಿಸ್ಸರ ನಾರ್ನಿಯ ಕಥೆಗಳಲ್ಲಿ ನನಗೆ ಕ್ರಿಸ್ತನನ್ನು ನೆನಪಿಸುವ ಸಿಂಹ ಅಸ್ಲಾನನಿಗಿಂತ ಹತ್ತಿರವಾದವನು ‘ದ ಸಿಲ್ವರ್ ಚೇರ್’ನ ಪಡಲ್‌ಗ್ಲಮ್. ಪಾತಾಳದ ಮಾಟಗಾತಿ ಬೆಂಕಿಗೆ ಹಸಿರು ಪುಡಿ ಎಸೆದು, ಸೂರ್ಯನಿಲ್ಲ, ಸಿಂಹವಿಲ್ಲ, ಎಲ್ಲವೂ ನಿಮ್ಮ ಕನಸು ಎಂದು ಒಪ್ಪಿಸುತ್ತಾ ಬರುವಾಗ ಅವನು ಬರಿಗಾಲಿನಿಂದ ಆ ಬೆಂಕಿಯನ್ನು ತುಳಿಯುತ್ತಾನೆ. ಸುಟ್ಟ ನೋವಿಗೆ ಅವನ ತಲೆ ತಿಳಿಯಾಗುತ್ತದೆ. ಅಸ್ಲಾನ್ ಇಲ್ಲವೆಂದೇ ಆದರೂ ತಾನು ಅಸ್ಲಾನನ ಕಡೆಯವನೇ ಎನ್ನುತ್ತಾನೆ. ಆಕಾಶದಿಂದ ಯಾರೂ ಇಳಿದು ಬರುವುದಿಲ್ಲ, ಇರುವುದು ಒಂದು ಸುಟ್ಟ ಪಾದ ಮಾತ್ರ. ನಂಬಿಕೆಯನ್ನು ಕಥೆಯಲ್ಲಿ ತೋರಿಸುವುದೆಂದರೆ ಇದು.

ನಾಯಕ ಸೋತರೆ ಕನ್ನಡದ ಓದುಗರು ಕೈಬಿಡುತ್ತಾರೆಂಬ ಅಂಜಿಕೆ ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತದೆ. ಆ ಅಂಜಿಕೆಯನ್ನು ಬಿಡಿ. ಕರ್ಣನಿಗಾಗಿ ಅತ್ತ ಜನ ನಾವು. ಮದಕರಿನಾಯಕನ ಪತನದ ಕಥೆಯಾದ ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಹೆಸರಿನಲ್ಲೇ ಸೋಲಿದೆ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಾದಂಬರಿಯನ್ನು ಎದೆಗೆ ಒತ್ತಿಕೊಂಡು ಓದಿದವರ ಊರು ನನ್ನದು. ಕೋಟೆಗೆ ಹೋದಾಗಲೆಲ್ಲ ಓಬವ್ವನ ಕಿಂಡಿಯ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿಕೊಂಡು ನುಸುಳಬಹುದಾದಷ್ಟೇ ಜಾಗ ಅದು. ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆ ಬಂದವಳಿಗೆ ಸದ್ದು ಕೇಳಿಸುತ್ತದೆ, ಕೈಗೆ ಸಿಕ್ಕಿದ್ದು ಒನಕೆ. ಅವಳು ಯಾವ ಭವಿಷ್ಯವಾಣಿಯೂ ಆರಿಸಿದ ವೀರಳಲ್ಲ. ಆ ಹೊತ್ತಿಗೆ ಅಲ್ಲಿದ್ದವಳು. ಅವಳು ಆ ದಿನವೇ ಸತ್ತಳೆಂದು ಕಥೆ ಹೇಳುತ್ತದೆ, ಕೊನೆಗೆ 1779ರಲ್ಲಿ ಕೋಟೆಯೂ ಹೈದರಾಲಿಯ ವಶವಾಯಿತು. ಅವಳ ಒನಕೆ ವ್ಯರ್ಥವಾಯಿತೆಂದು ದುರ್ಗದಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಹಾಗಾಗಿ ಎಷ್ಟು ಪ್ರಾರ್ಥನೆಗಳು ಫಲಿಸಬೇಕು ಎಂಬ ಲೆಕ್ಕವನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಪವಾಡ ಬೇಕಿದ್ದರೆ ಇರಲಿ, ಆದರೆ ಅದು ಯಾರೂ ಕಾಯದ ಕಡೆಯಿಂದ, ಯಾರೂ ಗಳಿಸದ ಹಾಗೆ ಬರಲಿ. ನಾಯಕನ ಯೋಗ್ಯತೆಗೆ ಸಂದ ಸಂಬಳದಂತೆ ಬೇಡ. ಅವನು ಯುದ್ಧಕ್ಕೆ ಮೊದಲು ಪ್ರಾರ್ಥಿಸುವುದಕ್ಕಿಂತ, ಸೆರೆಸಿಕ್ಕ ಶತ್ರುವನ್ನು ಏನು ಮಾಡಬೇಕೆಂದು ತೋಚದೆ ನಿಂತಾಗ ಪ್ರಾರ್ಥಿಸಲಿ, ಆ ಪ್ರಾರ್ಥನೆಗೆ ಉತ್ತರ ಕೇಳಿಸದೆಯೇ ಅವನು ಸರಿಯಾದದ್ದನ್ನು ಮಾಡಲಿ. ಕೊನೆಯ ಯುದ್ಧದಲ್ಲಿ ಗೆದ್ದರೂ ಏನನ್ನಾದರೂ ತೆತ್ತಿರಲಿ; ಬೈಬಲಿನಲ್ಲಿ ದೇವರೊಡನೆ ಹೋರಾಡಿ ಆಶೀರ್ವಾದ ಪಡೆದ ಯಾಕೋಬನೂ ಕುಂಟುತ್ತಲೇ ನಡೆದ. ಇನ್ನೊಂದು ಮಾತು: ಈ ಪಾತ್ರ ಯೇಸುವಿನ ಶಿಷ್ಯ ಪೇತ್ರ, ಈ ಪಾತ್ರ ಅವರನ್ನು ಹಿಡಿದುಕೊಟ್ಟ ಯೂದ ಎಂದು ಒಂದಕ್ಕೊಂದು ಜೋಡಿಸುತ್ತಾ ಹೋಗಬೇಡಿ. ನಾನು ಅದನ್ನೂ ಮಾಡಿದ್ದೆ. ಐವತ್ತನೆಯ ಪುಟದಲ್ಲೇ ಓದುಗರಿಗೆ ಕೊನೆ ತಿಳಿದುಹೋಗಿತ್ತು.

612 ಪುಟಗಳಲ್ಲಿ ಈಗ ನೂರರಷ್ಟು ಮಾತ್ರ ಉಳಿದಿವೆ. ಬಾಗಿಲು ಕಾಯುವವನ ಮಗುವಿನ ಅಧ್ಯಾಯವನ್ನು ನಾಲ್ಕು ಬಾರಿ ಹೊಸದಾಗಿ ಬರೆದೆ. ಈಗಿನ ರೂಪದಲ್ಲಿ ಮಗು ಬೆಳಗಾಗುವ ಮೊದಲೇ ಸಾಯುತ್ತದೆ. ಅಭಯನ ಬಾಯಲ್ಲಿ ಒಂದು ಮಾತೂ ಇಲ್ಲ. ನೀರಿಗೆ ಹೋಗುವವರಿಗೆ ಬಾಗಿಲು ತೆರೆಯಲೇಬೇಕಾದ್ದರಿಂದ ಅವನು ಗೂಟದ ಮೇಲಿದ್ದ ಕೀಲಿಗೊಂಚಲನ್ನು ತೆಗೆದುಕೊಳ್ಳುತ್ತಾನೆ, ಅಷ್ಟರಲ್ಲಿ ತಂದೆ ಎದ್ದು ಬಂದು ಅದನ್ನು ಅವನ ಕೈಯಿಂದ ಇಸಿದುಕೊಂಡು ತಾನೇ ಬಾಗಿಲು ತೆರೆಯುತ್ತಾನೆ. ಕಳೆದ ತಿಂಗಳು ಧೈರ್ಯ ಮಾಡಿ ಇದನ್ನು ದಾವಣಗೆರೆಗೆ ತೆಗೆದುಕೊಂಡು ಹೋದೆ. ಚಿಕ್ಕಮ್ಮ ಯಂತ್ರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಅಷ್ಟನ್ನೂ ಒಂದೇ ಬಾರಿಗೆ ಓದಿದರು. ಚಾಕ್ ಕೈಗೆತ್ತಿಕೊಳ್ಳಲಿಲ್ಲ. ಓದಿ ಮುಗಿಸಿ, “ಆ ರಾತ್ರಿ ಮಗುವಿನ ತಾಯಿ ಎಲ್ಲಿದ್ದಳು?” ಎಂದು ಕೇಳಿದರು. ನಾಲ್ಕು ಬಾರಿ ಬರೆದವನು ಒಮ್ಮೆಯೂ ಅವಳನ್ನು ಬರೆದಿರಲಿಲ್ಲ. ಈಗ ಅದನ್ನೇ ಬರೆಯುತ್ತಿದ್ದೇನೆ.